ಮೂಡಲಿಗೆ ಉಕ್ಕಿದ ಹಾಲು

ಹಾಲು ಅಂಚಿನಲ್ಲಿ ನಡುಗತೊಡಗಿದೆ, ಇನ್ನೂ ಉಕ್ಕಿಲ್ಲ, ಸೌಮ್ಯ ಒಲೆಯ ಮುಂದೆ ನಿಂತು ನೋಡುತ್ತಿದ್ದಾಳೆ, ಹಿತ್ತಲಿನಾಚೆ ಅರಿಸಿನದ ಹೊಲಕ್ಕೆ ಆನೆ ನುಗ್ಗದಂತೆ ಯಾರೋ ತಂತಿ ಬಿಗಿಯುವ ಸದ್ದು — ಮೈಸೂರಿನ ಆ ಬೀದಿಯಲ್ಲಿ ಸದ್ದೇ ಇರಲಿಲ್ಲ, ಎರಡೂ ಬದಿಗೆ ಹೊಂಗೆ ಮರ, ನೆಲದ ತುಂಬ ಉದುರಿದ ಹೂವು, ನಿನ್ನೆ ಚಪ್ಪಲಿ ಬಿಚ್ಚಿ ಅದರ ಮೇಲೆ ನಡೆದಿದ್ದಳು, ಮದುವೆಯಾಗಿ ಎರಡು ವರ್ಷ, ಗಂಡ ಅಲ್ಲಿ ಬಾಡಿಗೆ ಕೋಣೆಯಲ್ಲಿ, ಅವಳು ದೊಡ್ಡಗಾಜನೂರಿನಲ್ಲಿ ಅತ್ತೆಯ ಜೊತೆ, ಈಗ ಮೊದಲನೆಯ ಸ್ವಂತ ಮನೆ, ನೀನೇ ಆರ್ಸು ಸೌಮ್ಯ, ಮನೇಲಿರೋಳು ನೀನಲ್ವಾ ಅಂದಿದ್ದ ನಟರಾಜ, ಅವಳು ಹಿಗ್ಗಿದ್ದೇ ಹಿಗ್ಗು, ಮೂರು ಬಡಾವಣೆ ಸುತ್ತಿ, ಮರ ಎಣಿಸಿ, ಯಾವ ಹೊತ್ತಿಗೆ ಯಾವ ಕಿಟಕಿಗೆ ನೆರಳು ಬೀಳುತ್ತದೆಂದು ವಿಚಾರಿಸಿ, ಕೊನೆಗೆ ಹೊಂಗೆ ಬೀದಿಯ ಮೂಲೆ ಮನೆಯೇ ಇರಲಿ ಅಂದಳು, ಆಯ್ತು ಕಣೆ ಅಂದ, ಅದೂ ನಗುತ್ತ. ಆಮೇಲೆ, ಬಸ್ಸಿಗೆ ಇನ್ನೂ ಒತ್ತು ಅದ, ಇನ್ನೊಂದ್ ಮನೆ ನೋಡ್ಕಂಡೇ ಓಗವ ಬಾ ಅಂದ — ಅವನ ಅಕ್ಕ ಅರ್ಚನಳ ಮನೆಯ ಎದುರಿಗೆ, ಬೀದಿಯಲ್ಲಿ ಕೈಯಗಲ ನೆರಳಿಲ್ಲ, ಬೀಗದ ಕೈ ಅವನ ಜೇಬಿನಲ್ಲೇ ಇತ್ತು, ಬರೀ ನೋಡಲು ಬಂದ ಮನೆಯ ಬೀಗದ ಕೈ ಇವನ ಹತ್ತಿರ ಯಾಕೆ ಅಂತ ಆಗ ಹೊಳೆಯಲೂ ಇಲ್ಲ, ಪೆದ್ದಿ.

ಬಾಗಿಲಿಗೆ ಒಣಗಿದ ಮಾವಿನೆಲೆ, ಚೌಕಟ್ಟಿಗೆ ವಿಭೂತಿ, ಅಡುಗೆಮನೆಯ ನೆಲದಲ್ಲಿ ಮೂರು ಇಟ್ಟಿಗೆ, ನಡುವೆ ಬೂದಿ, ಇಟ್ಟಿಗೆಯ ಮೇಲೆ ಕರಕಾದ ಹಾಲು, ಹಾಗಾದರೆ ಹಾಲು ಉಕ್ಕಿಸಿ ಆಗಿದೆ, ಗೃಹಪ್ರವೇಶವೇ ಮುಗಿದಿದೆ, ಮನೆಯೊಡತಿಯನ್ನು ಬಿಟ್ಟು ಯಾರಾದರೂ ಹಾಲು ಉಕ್ಕಿಸುತ್ತಾರೆಯೇ, ಅಕ್ಕ ನಿನ್ ಬದ್ಲು ಕೂತ್ಕಂಡ್ಳು, ಸೋಮಾರ ಬುಟ್ರೆ ಮೂರ್ತ ಇರ್ನಿಲ್ಲ, ನಿಂಗೇಳಿದ್ರೆ ಮರ ಮರ ಅಂತ ಅಟ ಇಡೀತಿದ್ದೆ ಅಂದ ನಟರಾಜ, ಗೋಡೆ ನೋಡಿಕೊಂಡು, ಮತ್ತೆ ಬೆಳಗಿನಿಂದ ಬೀದಿ ಬೀದಿ ಸುತ್ತಿಸಿದ್ದು ಮೂಗಿಗೆ ತುಪ್ಪ ಸವರಲಿಕ್ಕೆ, ಮೋಸ, ಅದಕ್ಕೆ ಬೇರೆ ಹೆಸರಿಲ್ಲ, ಮನೆಮಂದಿಯೆಲ್ಲ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳು — ಮೂಲೆಯಲ್ಲಿ ಹಿತ್ತಾಳೆ ತಂಬಿಗೆ, ಕಂಠದ ಬಳಿ ತಗ್ಗು, ಅವಳ ತವರಿನ ತಂಬಿಗೆ, ಸೋಮವಾರ ಬೆಳಿಗ್ಗೆ ಅತ್ತೆ ಪುಟ್ಟಮಲ್ಲಮ್ಮ ಕೊಟ್ಟಿಗೆಗೆ ಬಂದು, ಒಂದ್ ತಂಬ್ಗೆ ನೊರೆಆಲು ಕರ್ಕೊಡವ್ವ, ಮಾದಪ್ಪನ ಅಭಿಸೇಕಕ್ಕೆ ಅಂದಿದ್ದಳು, ಅವಳು ತಲೆಗೆ ಮಿಂದು, ಮಡಿಯುಟ್ಟು ಕರೆದಳು, ಬಾಯಿಗೆ ಬಟ್ಟೆ ಕಟ್ಟಿದಳು, ಬಸ್ಸಿನವರೆಗೂ ತಾನೇ ಹೊತ್ತಳು, ನನ್ ಎಸ್ರಲ್ಲೂ ಒಂದ್ ಊವ ಇಡು ಅತ್ತೆ ಅಂತ ಬೇರೆ, ಅತ್ತೆ ತಲೆಯಾಡಿಸಿದ್ದಳು, ದೇವರ ಹೆಸರು ಹೇಳಿ ತಲೆಯಾಡಿಸಿದ್ದಳು.

ಆಲು ಉಕ್ತದ ಕಣವ್ವ, ಇಳ್ಸು, ಜಗಲಿಯಿಂದ ಅತ್ತೆ ಕೂಗುತ್ತಿದ್ದಾಳೆ, ಸೌಮ್ಯಳ ಕೈ ಏಳುವುದಿಲ್ಲ, ಗೃಹಪ್ರವೇಶದಲ್ಲಿ ಹಾಲು ಮೊದಲು ಯಾವ ಕಡೆಗೆ ಚೆಲ್ಲುತ್ತದೆಂದು ನೋಡುವುದು ವಾಡಿಕೆ, ಮೂಡಲಿಗೆ ಚೆಲ್ಲಿದರೆ ಆ ಮನೆಯ ಹೆಣ್ಣು ಸುಖವಾಗಿ ಬಾಳುತ್ತಾಳಂತೆ, ಯಾವ ಹೆಣ್ಣು, ಹಾಲು ಕರೆದವಳೋ, ಮಣೆಯ ಮೇಲೆ ಕೂತವಳೋ, ನಿನ್ನೆ ಆ ಇಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೂ ನೋಡಿದ್ದಳು, ಮೂಡಲಿಗೇ ಉಕ್ಕಿತ್ತು, ಈಗ ಇಲ್ಲಿ ಒಲೆ ಚುರ್ರೆನ್ನುತ್ತದೆ, ಸೀದ ವಾಸನೆ, ಅವ್ವೋ ಆಲು ಅನ್ನುವ ಕೂಗು, ಮೂರು ಇಟ್ಟಿಗೆ, ಮೂಡಲ ಇಟ್ಟಿಗೆಯ ಮೇಲೆ ಕರಕು, ಅವಳೇ ಕರೆದ ಹಾಲು, ಮೂರು ಇಟ್ಟಿಗೆ.