ಮುಚ್ಚಳದಡಿಯ ವಾಸನೆ

೧
ಪಾರ್ಸೆಲ್‌ನಿಂದ ಶುರು ಮಾಡಲೋ, ಮೂಗಿನಿಂದಲೋ? ಮೂಗಿನಿಂದಾದರೆ ಗುಟ್ಟು ಮೊದಲೇ ಹೊರಬೀಳುತ್ತದೆ. ಲೋಲಾಕ್ಷಿಗೆ ಗೊತ್ತಾದ ಕ್ರಮದಲ್ಲೇ ನಿಮಗೂ ಗೊತ್ತಾಗಲಿ.

ಡೊಂಬಿವಲಿ ಪೂರ್ವದಲ್ಲಿ ಶೇಖರನದೊಂದು ಸಣ್ಣ ಉಡುಪಿ ಹೋಟೆಲು. ಇಪ್ಪತ್ತಾರು ವರ್ಷಗಳಿಂದ ಅಲ್ಲಿನ ಚಹಾ ಅವನ ಕೈಯದೇ. ಒಂದು ಮಂಗಳವಾರ ಮಧ್ಯಾಹ್ನ ಅವನ ಹೆಂಡತಿ ಲೋಲಾಕ್ಷಿಗೆ ಮನೆಯ ಕಪಾಟಿನಲ್ಲಿ, ಸ್ವೆಟರುಗಳ ಹಿಂದೆ, ಒಂದು ಪಾರ್ಸೆಲ್ ಡಬ್ಬ ಸಿಕ್ಕಿತು. ಒಳಗೆ ಹಿಡಿಯಿಲ್ಲದ ಬಿಳಿ ಪಿಂಗಾಣಿ ಬಟ್ಟಲು, ಅದಕ್ಕೊಂದು ಮುಚ್ಚಳ, ಪುಟ್ಟ ಜಗ್ಗು, ಒಂದೇ ಗುಟುಕಿಗೆ ಮುಗಿಯುವಂಥ ಕಪ್ಪುಗಳು. ಎರಡು.

ಎರಡು ಯಾಕೆ?

೨
(ಮೊದಲ ಡ್ರಾಫ್ಟಿನಲ್ಲಿ ಆಕೆ ಕಪ್ಪು ಒಡೆದಳು. ಅಳಿಸಿದೆ. ಹೋಟೆಲಿನವನ ಹೆಂಡತಿ ಕಪ್ಪು ಒಡೆಯುವವಳಲ್ಲ, ಫೋನು ನೋಡುವವಳು.)

ಊಟಕ್ಕೆ ಬಂದು ಮಲಗಿದ್ದ ಶೇಖರನ ಫೋನಿನಲ್ಲಿ ‘ರಮಿತಾ, ಮಹಾಪೆ’ ಎಂಬ ಹೆಸರು. ಕೊನೆಯ ಮೆಸೇಜು: ‘ಢಕ್ಕನ್ ಕೀ ಖುಷ್ಬೂ ಆಯೀ ಕ್ಯಾ?’ ಮುಚ್ಚಳದ ಪರಿಮಳ ಬಂತಾ ಅಂತೆ.

ನಾನೂ ಲೋಲಾಕ್ಷಿಯಂತೆಯೇ ಸಂಶಯಪಟ್ಟೆ. ಶೇಖರನನ್ನು ಮಹಾಪೆಗೆ ಕಳಿಸಿ ಎರಡು ಪುಟ ಬರೆದೂ ಬಿಟ್ಟೆ. ಲೋಲಾಕ್ಷಿ ತಡೆದಳು.

“ಅವರ ಮೇಲೆ ಸಂಶಯ ಪಡುವ ಹಕ್ಕು ನನಗುಂಟು. ನಿಮಗೆಂತದು?”

೩
ಎರಡು ಪುಟ ಹರಿದೆ. ಆಕೆ ಆ ನಂಬರಿಗೇ ಫೋನು ಹಚ್ಚಿದಳು.

ರಮಿತಾ ಚೀನೀ ಚಹಾ ಮತ್ತು ಪಾತ್ರೆಗಳನ್ನು ಮಾರುವವಳು. ಶೇಖರ ದುಬಾರಿ ಮಣ್ಣಿನ ಕುಡಿಕೆಯನ್ನೇ ಕೇಳಿದ್ದನಂತೆ. ಮಣ್ಣು ವಾಸನೆ ಹೀರಿಕೊಳ್ಳುತ್ತದೆ, ಪಿಂಗಾಣಿ ಹೀರುವುದಿಲ್ಲ ಎಂದು ರಮಿತಾಳೇ ಬೇಡವೆಂದಳಂತೆ. ಮರದ ಟ್ರೇ ಬೇಡ, ಮನೆಯ ಸ್ಟೀಲ್ ತಟ್ಟೆ ಸಾಕು. ಎಲೆ ಜಾಸ್ತಿ, ನೀರು ಕಡಿಮೆ, ಬೇಗ ಬಗ್ಗಿಸಿ ಪ್ರತಿಸಲ ಬಿಸಿ ಮುಚ್ಚಳ ಮೂಸಬೇಕು. ಕಪ್ಪುಗಳು ಜೋಡಿಯಾಗಿಯೇ ಬರುತ್ತವೆ.

“ಆಂಟಿ, ಅಂಕಲ್ ರುಚಿಯ ಬಗ್ಗೆ ಕೇಳಲೇ ಇಲ್ಲ,” ಎಂದಳು ರಮಿತಾ. “ವಾಸನೆ ಎಲ್ಲಿ ಜಾಸ್ತಿ ಸಿಗ್ತದೆ ಅಂತ ಮಾತ್ರ ಕೇಳಿದ್ರು.”

೪
ಸಂಜೆ ಶೇಖರ ಒಪ್ಪಿಕೊಂಡ. ಕಳೆದ ವರ್ಷದ ಜ್ವರದ ನಂತರ ಮೂಗು ಸತ್ತಿತ್ತು. ಶುಂಠಿಯಿಲ್ಲ, ಏಲಕ್ಕಿಯಿಲ್ಲ, ಹಾಲು ಸೀದರೂ ಗೊತ್ತಾಗುವುದಿಲ್ಲ. ಹೋಟೆಲಿನಲ್ಲಿ ಬಣ್ಣ ನೋಡಿ ಚಹಾ ಮಾಡುತ್ತಿದ್ದ. ಗಿರಾಕಿಗಳಿಗೆ ತಿಳಿದರೆ ಏನು ಗತಿ ಎಂದು ಯಾರಿಗೂ ಹೇಳದೆ, ಮೂಗಿಗೆ ಮತ್ತೆ ಅಭ್ಯಾಸ ಮಾಡಿಸಲು ಇದನ್ನು ತರಿಸಿದ್ದ.

“ಹಾಗಾದ್ರೆ ವರ್ಷವಿಡೀ ನನ್ನ ಸಾರು ಘಮಘಮ ಅಂತ ಹೇಳಿದ್ದು?”



(ಪ್ರೇಯಸಿಯಿದ್ದರೆ ನನಗೆ ಸುಲಭವಿತ್ತು. ಈಗ ಆಕೆ ಅವನ ಪ್ರತಿಯೊಂದು ಮೆಚ್ಚುಗೆಯನ್ನೂ ಹಿಂದಕ್ಕೆ ಹೋಗಿ ಮೂಸತೊಡಗಿದಳು.)

೫
ಮರುದಿನದಿಂದ ಬೆಳಿಗ್ಗೆ ಇಬ್ಬರೂ ಆ ಬಟ್ಟಲಿನ ಮುಂದೆ ಕೂರತೊಡಗಿದರು. ಒಂಬತ್ತನೆಯ ದಿನ ಮುಚ್ಚಳ ಮೂಸಿ ಅವನೆಂದ, “ಬಂತು. ಯಾವುದೋ ಹೂವಿನ ಹಾಗೆ.”

ಅವಳು ನಂಬಲಿಲ್ಲ. ಹತ್ತನೆಯ ದಿನ ಅಡುಗೆಮನೆಯಲ್ಲಿ, ಎಲೆ ಹಾಕದೆ, ಬಟ್ಟಲಿಗೆ ಬರೀ ಬಿಸಿನೀರು ಹೊಯ್ದು ಮುಚ್ಚಿದಳು. ಮುಚ್ಚಳವನ್ನಷ್ಟೇ ತಂದು ಕೊಟ್ಟಳು.

ಶೇಖರ ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದ.

“ಎಂತದೂ ಇಲ್ಲ.”

೬
ಓದುಗರೇ, ಇಲ್ಲಿ ಎರಡು ಮುಕ್ತಾಯಗಳಿವೆ. ಮೂಗಿಗೆ ಜೀವ ಬಂದಿದೆ, ಆದ್ದರಿಂದ ನಿಜ ಹೇಳಿದ. ಅಥವಾ ಮೂಗಿಗೆ ಜೀವ ಬಂದಿಲ್ಲ, ಆದರೂ ನಿಜ ಹೇಳಿದ. ಯಾವುದೆಂದು ಕೇಳುವ ಪ್ರಶ್ನೆಯನ್ನು ಮೂರು ಸಲ ಲೋಲಾಕ್ಷಿಯ ಬಾಯಲ್ಲಿ ಇಟ್ಟೆ. ಮೂರು ಸಲವೂ ಅವಳು ಕೇಳಲಿಲ್ಲ. ಒಳಹೋಗಿ ನೀರು ಚೆಲ್ಲಿ, ಬಟ್ಟಲಿಗೆ ಎಲೆ ಹಾಕಿ ತಂದು, ಕೆಟಲನ್ನು ಅವನತ್ತ ಸರಿಸಿದಳು.

“ನೀವೇ ಹೊಯ್ಯಿ,” ಎಂದಳು.