ಶನಿವಾರದ ಕಬ್ಬಿಣ

ನಮ್ಮ ಅತ್ತೆ ಅನ್ನಪೂರ್ಣವ್ವ ಧಾರವಾಡದಲ್ಲಿರುವ ತಮ್ಮ ಅಕ್ಕನಿಗೆ ಫೋನು ಹಚ್ಚಿ, "ನನ್ನ ರಕ್ತ ಎಪ್ಪತ್ತೆಂಟು ಐತಿ ನೀಲಗಂಗಕ್ಕ. ನಿಂದು ಬರೇ ಹನ್ನೊಂದಂತಲ್ಲ! ಹಾಲು, ಹಣ್ಣು ಏನರ ತಿನ್ನವಾ" ಎಂದು ಬುದ್ಧಿ ಹೇಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಹಿಟ್ಟಿಗೆ ಎರಡು ಗುದ್ದು ಹೆಚ್ಚಿಗೆ ಹಾಕಿದೆ.

ಅಕ್ಕನ ಹನ್ನೊಂದು ಊರಿನ ಲೆಕ್ಕದ್ದು, ಆ ವಯಸ್ಸಿಗೆ ದೂರುವಂಥದ್ದೇನಲ್ಲ. ನಮ್ಮತ್ತೆಯ ಎಪ್ಪತ್ತೆಂಟು ಆಸ್ಟ್ರೇಲಿಯಾದ ಲೆಕ್ಕದ್ದು. ಇಲ್ಲಿಯ ಲ್ಯಾಬಿನವರು ಹಿಮೋಗ್ಲೋಬಿನ್ನನ್ನು ಹತ್ತು ಪಟ್ಟು ಮಾಡಿ ಬರೆಯುತ್ತಾರೆ. ಅಂದರೆ ಧಾರವಾಡಕ್ಕೆ ಹೋದರೆ ಅದು ಏಳು ಪಾಯಿಂಟ್ ಎಂಟು! ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವ, ಉಗುರೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾದ ಅತ್ತೆ ಅಕ್ಕನಿಗಿಂತ ತಮಗೆ ಏಳು ಪಟ್ಟು ರಕ್ತ ಇದೆಯೆಂದು ಬೀಗುತ್ತಿದ್ದರು.

"ಅತ್ತೀ, ಅದು ಇಲ್ಲಿನ ಲೆಕ್ಕರೀ. ನಮ್ಮ ಕಡೆ ಲೆಕ್ಕಕ್ಕ ಎಂಟೂ ತುಂಬೂದಿಲ್ಲ" ಎಂದೆ.

"ನಾ ಗಟ್ಟಿ ಇದ್ದದ್ದು ನಿನಗ ನೋಡಾಕ ಆಗೂದಿಲ್ಲ ಹೇಮಾ" ಎಂದು ಫೋನನ್ನು ಇನ್ನೊಂದು ಕಿವಿಗೆ ದಾಟಿಸಿದರು.

ನನ್ನ ಮೈ ಉರಿಯಿತು. ಆದರೆ ಸುಮ್ಮನಿರುವ ಹೊತ್ತು ಅದಾಗಿರಲಿಲ್ಲ. ನಮ್ಮ ಮಗಳು ಮಹಾಶ್ವೇತಾ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಇದ್ದಾಳೆ, ಚೊಚ್ಚಲ ಬಸುರಿ, ದಿನ ತುಂಬಲು ಇನ್ನು ಆರು ವಾರ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆಲ್ಲ ಕಾಲು ಚಾಚಿ ಕೂತು, ಎಣ್ಣೆ ತೀಡಿ, ಬಿಸಿನೀರು ಎರೆದವರು ನಮ್ಮತ್ತೆ. ಮೂವತ್ತಕ್ಕೂ ಹೆಚ್ಚು ಕೂಸುಗಳು ಆ ಕಾಲಿನ ಮೇಲೆ ಅತ್ತು ನಕ್ಕಿವೆ. ಮಹಾಶ್ವೇತಾ ಮೂರು ತಿಂಗಳ ಬಸುರಿ ಇದ್ದಾಗಲೇ ಹೇಳಿಬಿಟ್ಟಿದ್ದಳು: "ಅಜ್ಜಿ, ಬೇಬಿಗೆ ಫಸ್ಟ್ ಬಾತ್ ನೀನೇ ಮಾಡ್ಸೋದು. ಪ್ರಾಮಿಸ್ ಮಾಡು." ಅಜ್ಜಿ ಮಾಡಿದ್ದರು. ಅವತ್ತಿನಿಂದ ಈ ಮನೆಯಲ್ಲಿ ಮಾತೆಂದರೆ ಅದೊಂದೇ ಮಾತು.

ಪಕ್ಕದ ಬಡಾವಣೆ ದಿ ಪಾಂಡ್ಸ್‌ನಲ್ಲಿರುವ ಡಾಕ್ಟರ್ ಗೋಪೀನಾಥ್ ಬೆಂಗಳೂರಿನವರು. ಅವರು ಕಾಗದದ ಮೇಲೆ ಎಪ್ಪತ್ತೆಂಟು ಬರೆದು, ಏಳಕ್ಕೂ ಎಂಟಕ್ಕೂ ನಡುವೆ ದಪ್ಪಗೆ ಒಂದು ಚುಕ್ಕೆ ಇಟ್ಟಾಗಲೇ ಅತ್ತೆಯ ಮುಖ ಇಳಿದದ್ದು.

"ಒಳಗಡೆ ಎಲ್ಲೂ ರಕ್ತ ಸೋರ್ತಾ ಇಲ್ಲ ಅಮ್ಮ, ಹೋದ ತಿಂಗಳೇ ಕ್ಯಾಮೆರಾ ಹಾಕಿ ನೋಡಿದಾರೆ. ಕಬ್ಬಿಣದ ಅಂಶ ಕಡಿಮೆ, ಅಷ್ಟೇ. ಆದ್ರೆ ಹಿಂಗೇ ಇದ್ರೆ ನಾನು ಮೆಲ್ಬರ್ನ್‌ಗೆ ಕಳಿಸಲ್ಲ. ಮಗೂನ ಎತ್ಕೊಂಡು ತಲೆ ತಿರುಗಿ ಬಿದ್ರೆ ಏನು ಗತಿ?"

ಅತ್ತೆ ಸೆರಗು ಸರಿಮಾಡಿಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಆ ಚುಕ್ಕೆಯ ಕಾಗದವನ್ನು ಮಡಚುತ್ತ ಬಿಚ್ಚುತ್ತ ಕೂತರು. ಜಗಳ ತೆಗೆಯದ ಅತ್ತೆಯನ್ನು ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ, ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗುಳಿಗೆ ಆಗಲೇ ನಾಲ್ಕು ತಿಂಗಳಿಂದ ನಡೆದಿತ್ತು. ನಡೆದಿತ್ತೆಂದು ನಾನು ತಿಳಿದಿದ್ದೆ. ಮೊದಲು ಒಂದು ಬಗೆಯದು ಕೊಟ್ಟರು, ಹೊಟ್ಟೆ ಕಲ್ಲಾಯಿತು. ಇನ್ನೊಂದು ಕೊಟ್ಟರು, ಎದೆ ಉರಿ, ವಾಕರಿಕೆ. ಸಿರಪ್ಪು ಕೊಟ್ಟರು, "ಬಾಯಾಗ ಮೊಳಿ ಇಟ್ಕೊಂಡಂಗ ಆಗತೈತಿ" ಎಂದರು. ಮತ್ತೆ ಗುಳಿಗೆಯನ್ನೇ ದಿನ ಬಿಟ್ಟು ದಿನ ಕೊಡಿ ಎಂದರು ಡಾಕ್ಟರು, ಚಹಾದ ಜೊತೆ ಕೊಡಬೇಡಿ ಎಂದರು. ಹಾಗೇ ಕೊಟ್ಟೆ. ಈ ಸಲ ಮಾತ್ರ ಅತ್ತೆ ಒಂದೂ ದೂರು ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅದೇ ಚಳಿಗಾಲದಲ್ಲಿ ನಮ್ಮ ಬಡಾವಣೆ ಕ್ವೇಕರ್ಸ್ ಹಿಲ್‌ನ ಎಲ್ಲರ ಮನೆಯ ಕರಿಬೇವೂ ಬೋಳಾಗಿ ನಿಂತಾಗ, ನಮ್ಮದು ಮಾತ್ರ ಕುಂಡದಲ್ಲಿ ಕಪ್ಪು ಹಸಿರಾಗಿ ತುಂಬಿಕೊಂಡು ನಿಂತಿತು. ನೋಡಿದವರೆಲ್ಲ ಗುಟ್ಟೇನೆಂದು ಕೇಳುತ್ತಿದ್ದರು. ನಾನು ಹುಳಿಮಜ್ಜಿಗೆ ಹಾಕುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಡಾಕ್ಟರರ ಬಳಿಯಿಂದ ಬಂದ ಮರುದಿನ ಆ ಕುಂಡದ ಮಣ್ಣು ಸಡಿಲಿಸಲು ಕೈ ಹಾಕಿದೆ. ಕೆಂಪು ಬಣ್ಣ ಅರ್ಧ ಕರಗಿದ ಗುಳಿಗೆಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು.

"ಅತ್ತೀ!"

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಂದಿಷ್ಟೂ ನಾಚಿಕೆ ಇಲ್ಲ. "ಹೊಟ್ಟಿ ಕಡದು ಕಡದು ಸಾಯೂದಕ್ಕಿಂತ ಗಿಡಕ್ಕರ ಆಗ್ಲಿ ಅಂತ ಹಾಕಿದೆ. ಅದಕ್ಕ ಆಗಿ ಬಂತು, ನನಗ ಆಗಿ ಬರಂಗಿಲ್ಲ. ನನ್ನ ಹೊಟ್ಟಿ ಅದು, ನಿನ್ನ ಹೊಟ್ಟಿ ಅಲ್ಲ."

ಅವರಿಗೆ ನೋವಾಗುತ್ತಿತ್ತು, ನಾನು ಲೆಕ್ಕ ಹಿಡಿದು ಗುಳಿಗೆ ನುಂಗಿಸುತ್ತಿದ್ದೆ. ಕೈ ತೊಳೆದುಕೊಂಡು ಡಾಕ್ಟರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಒಪ್ಪಿಸಿದೆ. ಅವರು ಜೋರಾಗಿ ನಕ್ಕರು. ಹೊಟ್ಟೆಯನ್ನೇ ಬಿಟ್ಟು ಕಬ್ಬಿಣವನ್ನು ನೇರವಾಗಿ ನರಕ್ಕೆ ಹನಿ ಹನಿಯಾಗಿ ಹಾಕೋಣ, ಅರ್ಧ ಗಂಟೆಯ ಕೆಲಸ, ಮೈಗೆ ಹತ್ತಲು ಎರಡು ಮೂರು ವಾರ ಬೇಕು ಎಂದರು. ಗುಳಿಗೆ ಬೇಡವೇ ಬೇಡ! ನನಗೆ ಕುಣಿಯುವಷ್ಟು ಖುಷಿಯಾಯಿತು. ಅದನ್ನು ಹಾಕುವ ಕ್ಲಿನಿಕ್ಕಿಗೆ ಫೋನು ಮಾಡಿ ಆಗಲೇ ಬುಕ್ ಮಾಡಿದೆ. ಇದ್ದದ್ದು ಒಂದೇ ಜಾಗ, ಬರುವ ಶನಿವಾರ. ಅದು ಬಿಟ್ಟರೆ ನಾಲ್ಕು ವಾರ ಕಾಯಬೇಕು, ಅದು ಮೈಗೆ ಹತ್ತುವಷ್ಟರಲ್ಲಿ ಕೂಸು ಹುಟ್ಟಿರುತ್ತದೆ.

ಓಡಿ ಹೋಗಿ ಅತ್ತೆಗೆ ಹೇಳಿದೆ.

"ಶನಿವಾರ?" ಎಂದರು ಅತ್ತೆ. "ಶನಿವಾರ ಕಬ್ಬಿಣ? ನಿನಗೇನರ ತಲಿ ಐತೇನು?"

ನಾನು ಆ ಕಡೆ ಯೋಚಿಸಿರಲೇ ಇಲ್ಲ. ನಮ್ಮಲ್ಲಿ ಶನಿವಾರ ಯಾರೂ ಕಬ್ಬಿಣ ಕೊಂಡು ಮನೆಗೆ ತರುವುದಿಲ್ಲ, ತಂದರೆ ಅದರ ಬೆನ್ನಿಗೆ ಶನಿಯೂ ಬರುತ್ತಾನೆಂದು ನಂಬಿಕೆ. ನನ್ನ ಗಂಡ ಶಶಿಧರ ಹತ್ತು ವರ್ಷದ ಹಿಂದೆ ಶನಿವಾರವೇ ಹೊಸ ಕಾರು ತಂದರು. ಮುಂದಿನ ವಾರ ಸಿಗ್ನಲ್ಲಿನಲ್ಲಿ ಯಾರೋ ಹಿಂದಿನಿಂದ ಗುದ್ದಿದರು. ಆ ಕಾರನ್ನು ಮಾರಿದ ಮೇಲೂ ಅತ್ತೆ ಆ ಮಾತು ಬಿಟ್ಟಿಲ್ಲ.

"ಕಾರಿಗಾದ್ರ ಬಂಪರ್ ಹೋತು. ಮೈಯಾಗ ತುಂಬಿಸ್ಕೊಂಡು ಆ ಹಸಿ ಕೂಸಿನ ಮುಂದ ಹೋಗ್ಲೇನು ನಾನು? ನನ್ನ ಶನಿ ಅದಕ್ಕ ಹತ್ತಬೇಕೇನು?"

ಅವರ ಕಣ್ಣಲ್ಲಿ ನೀರಿತ್ತು. ಇದು ಹಠವಲ್ಲ, ಹೆದರಿಕೆ ಎಂದು ಆಗ ಗೊತ್ತಾಯಿತು. ಶಶಿಧರ, "ಅವ್ವಾ, ಇದು ಆಸ್ಟ್ರೇಲಿಯಾ, ಶನಿಗೆ ಇಲ್ಲಿ ವೀಸಾ ಇಲ್ಲ" ಎಂದು ಜೋಕು ಹೊಡೆಯಲು ಹೋಗಿ ಚೆನ್ನಾಗಿ ಬೈಸಿಕೊಂಡರು. ಎರಡು ದಿನ ನಾನು ಬಾಯಿ ಬಡಿದುಕೊಂಡೆ. ವಿಜ್ಞಾನ ಹೇಳಿದೆ, ಮಹಾಶ್ವೇತಾಳಿಂದ ಹೇಳಿಸಿದೆ. "ರವಿವಾರ ಕೇಳು, ಸೋಮವಾರ ಕೇಳು, ಹೂಂ ಅಂತೀನಿ" ಎಂಬ ಉತ್ತರ ಬದಲಾಗಲಿಲ್ಲ.

ಗುರುವಾರ ಮಧ್ಯಾಹ್ನ ಕ್ಲಿನಿಕ್ಕಿನಿಂದ ಮೆಸೇಜು ಬಂತು. ನೆನಪಿಡಿ, ಔಷಧಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ, ಡಾಕ್ಟರರ ಚೀಟಿ ತೋರಿಸಿ ಫಾರ್ಮಸಿಯಿಂದ ನೀವೇ ಮೊದಲು ಕೊಂಡು ತರಬೇಕು ಎಂದು. ಆಫೀಸಿನ ಕುರ್ಚಿಯಿಂದ ನಾನು ಎದ್ದೇಬಿಟ್ಟೆ. ಕಬ್ಬಿಣ ಕೊಳ್ಳುವುದು ಶನಿವಾರವಲ್ಲ! ಇವತ್ತು ಕೊಳ್ಳಬಹುದು! ಮ್ಯಾನೇಜರಿಗೆ ತುರ್ತು ಎಂದು ಹೇಳಿ ಮನೆಗೆ ಹಾರಿ ಬಂದು, ಮಲಗಿದ್ದ ಅತ್ತೆಯನ್ನು ಎಬ್ಬಿಸಿದೆ.

"ಏಳ್ರಿ ಅತ್ತೀ, ಕಬ್ಬಿಣ ತರೂಣು. ಇವತ್ತ ಗುರುವಾರ."

ಔಷಧಿಯನ್ನು ನಾವೇ ಮೊದಲು ಕೊಂಡು ತರಬೇಕೆಂದು ಹೇಳುತ್ತಲೇ ಅತ್ತೆಗೆ ಅರ್ಥವಾಯಿತು. ಹೊಸ ಇಳಕಲ್ ಸೀರೆ ಉಟ್ಟರು.

ಫಾರ್ಮಸಿಯಲ್ಲಿ ಕೊಟ್ಟದ್ದು ಅಂಗೈಯಗಲದ ಒಂದು ಬಿಳಿ ಡಬ್ಬಿ. ಅತ್ತೆ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ಮನೆಗೆ ಬಂದು ದೇವರ ಜಗುಲಿಯ ಮೇಲೆ ಲಿಂಗದ ಪಕ್ಕದಲ್ಲಿಟ್ಟು, ಡಬ್ಬಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಎರಡು ರಾತ್ರಿ ಅದು ನಮ್ಮ ಮನೆಯ ಕಬ್ಬಿಣವಾಗಿ ಅಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಹೊರಡುವಾಗ ಶಶಿಧರ ಎಲ್ಲ ಕೆಡಿಸಿಯೇಬಿಡುತ್ತಿದ್ದರು. ಕಾರಿನ ಬಾಗಿಲು ತೆಗೆಯುತ್ತ, "ಆದ್ರೂ ಅವ್ವಾ, ವಾಪಸ್ ಬರೋವಾಗ ಅದು ನಿನ್ನ ಮೈಯಾಗ ಕೂತು ಮನಿಗೆ ಬರತೈತಲ್ಲ?" ಎಂದರು. ಇಂಜಿನಿಯರ್ ಬುದ್ಧಿ! ನಾನು ಅವರ ಕಾಲು ತುಳಿದೆ. ತುಳಿದದ್ದು ತಡವಾಗಿತ್ತು. ಅತ್ತೆ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಶಶಿ," ಎಂದರು ಕೊನೆಗೆ, "ನಮ್ಮ ಮನಿ ಎಮ್ಮಿ ಮೇಯಾಕ ಹೋಗಿ ಸಂಜಿಗೆ ಮನಿಗೆ ಬಂದ್ರ, ಹೊಸಾ ಎಮ್ಮಿ ಕೊಂಡು ತಂದಂಗ ಆತೇನೋ? ನಡಿ, ಗಾಡಿ ಚಾಲೂ ಮಾಡು."

ಕ್ಲಿನಿಕ್ಕಿನ ನರ್ಸು ಆ ಔಷಧಿಯನ್ನು ಚೀಲಕ್ಕೆ ಬೆರೆಸಿ ತೂಗುಹಾಕಿದಳು. ಕಂದು ಬಣ್ಣ. ಅತ್ತೆ ತಲೆಯೆತ್ತಿ ನೋಡಿ, "ಚಾ ಡಿಕಾಕ್ಷನ್ ಇದ್ದಂಗ ಐತಿ. ಹಾಲು ಹಾಕಾಕ ಹೇಳು" ಎಂದರು. ನಾನು ಅನುವಾದ ಮಾಡಿದೆ, ನರ್ಸು ಬಿದ್ದು ಬಿದ್ದು ನಕ್ಕಳು. ಸೂಜಿಯ ಸುತ್ತ ಉರಿದರೆ ಕೂಡಲೇ ಹೇಳಬೇಕೆಂದಳು. ಉರಿಯಲಿಲ್ಲ. ವಾಕರಿಕೆ ಬರಲಿಲ್ಲ, ಹೊಟ್ಟೆ ಕಡಿಯಲಿಲ್ಲ. ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿಕೊಂಡು ನೋಡಿ ಕಳಿಸಿದರು. ಅತ್ತೆ ಸಂಜೆ ಎರಡು ರೊಟ್ಟಿ ತಿಂದು ಮಲಗಿದರು.

ಮೂರು ವಾರ ನಾನು ಅವರ ಉಗುರು ನೋಡುವುದೇ ನೋಡುವುದು. ಹತ್ತನೆಯ ದಿನ ಗೋಡೆ ಹಿಡಿಯದೆ ಬಚ್ಚಲಿಗೆ ಹೋದರು. ಹದಿನೈದನೆಯ ದಿನ ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದರು. ಜಗಳ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ರಿಪೋರ್ಟು ಬಂದಾಗ ನೂರಾ ನಾಲ್ಕು. ಡಾಕ್ಟರ್ ಗೋಪೀನಾಥ್, "ಹೋಗ್ಬನ್ನಿ ಅಮ್ಮ, ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿ" ಎಂದರು. ಅತ್ತೆ ಧಾರವಾಡಕ್ಕೆ ಫೋನು ಹಚ್ಚಿ, "ಅಕ್ಕಾ, ನೂರು ದಾಟೇತಿ" ಎಂದರು. ಚುಕ್ಕೆಯ ವಿಷಯ ನಾನು ಎತ್ತಲಿಲ್ಲ.

ಹೆಣ್ಣುಕೂಸು ಹುಟ್ಟಿದ ಸುದ್ದಿ ಬಂದ ಮರುದಿನವೇ ನಾವು ವಿಮಾನದಲ್ಲಿದ್ದೆವು. ಅಳಿಯ ಗುರು ಏರ್‌ಪೋರ್ಟಿಗೆ ಗಾಲಿಕುರ್ಚಿ ಹೇಳಿಟ್ಟಿದ್ದ. ಅತ್ತೆ ತಮ್ಮ ಕೈಚೀಲವನ್ನು ಅದರಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದು ಬಂದರು.

ಹೊಕ್ಕುಳು ಬಿದ್ದು ಒಣಗುವವರೆಗೆ ಕಾದು, ಹದಿಮೂರನೆಯ ದಿನ ನೀರೆರೆಯುವುದೆಂದಾಯಿತು. ಕ್ರೇಗಿಬರ್ನ್‌ನ ಆ ಹೊಸ ಮನೆಯ ಬಚ್ಚಲಲ್ಲಿ ಕಾಲು ಚಾಚಲು ಜಾಗವಿಲ್ಲ, ಬಟ್ಟೆ ಒಗೆಯುವ ಕೋಣೆಯಲ್ಲಿ ಇತ್ತು. ಗುರು ಹೀಟರ್ ಹಚ್ಚಿದ, ಬಾತುಕೋಳಿಯ ಆಕಾರದ ಥರ್ಮಾಮೀಟರನ್ನು ಬಕೆಟ್ಟಿಗೆ ಬಿಟ್ಟು "ಥರ್ಟಿ ಸೆವೆನ್!" ಎಂದು ಕೂಗಿದ. ಅತ್ತೆ ಮೊಣಕೈ ಅದ್ದಿ, "ಸಾಕು" ಎಂದರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು, ಕಾಲು ಚಾಚಿದರು. ಮಹಾಶ್ವೇತಾ ಬಾಗಿಲಲ್ಲಿ ನಿಂತು ಆಗಲೇ ಅಳುತ್ತಿದ್ದಳು. ನಾನು ತಂಬಿಗೆ ಹಿಡಿದು ನಿಂತಿದ್ದೆ.

ಅದು ನನಗೆ ಗೊತ್ತಿದ್ದ ಜಾಗ. ಮಹಾಶ್ವೇತಾ ಹುಟ್ಟಿದಾಗಲೂ, ಅವಳ ತಮ್ಮ ಹುಟ್ಟಿದಾಗಲೂ ನಾನು ಹೀಗೇ ತಂಬಿಗೆ ಹಿಡಿದು ನಿಂತಿದ್ದೆ. ನಾನು ಹೆತ್ತ ಮಕ್ಕಳಿಗೆ ನಾನು ಒಂದು ದಿನವೂ ಎರೆದವಳಲ್ಲ. "ನಿನ್ನ ಕೈ ನಡಗತಾವ, ಸರಿ" ಎಂದು ಅತ್ತೆ ಸರಿಸುತ್ತಿದ್ದರು. ನಾನು ಸರಿಯುತ್ತಿದ್ದೆ. ಆ ಸಿಟ್ಟು ಇಪ್ಪತ್ತೇಳು ವರ್ಷ ಆರಿರಲಿಲ್ಲ, ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಅತ್ತೆ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತೀಡಿ, ಬೆನ್ನಿಗೆ ನೀರು ಹಾಕಿದರು. ಕೂಸು ಚೀರಿತು. ಎಷ್ಟು ಹಗುರಾದ ಕೈ, ಎಷ್ಟು ಗಟ್ಟಿ ಕೈ! ನಾನು ಮೈಮರೆತು ನೋಡುತ್ತಿದ್ದೆ. ಅರ್ಧಕ್ಕೆ ಅವರ ಕೈ ನಿಂತಿತು.

"ಹೇಮಾ, ಪ್ಯಾಂಟು ಮ್ಯಾಲ ಮಡಚು. ಬಾಜೂಕ ಕೂಡು."

ನಾನು ತಂಬಿಗೆ ಕೆಳಗಿಟ್ಟೆ. "ಯಾಕ್ರಿ ಅತ್ತೀ, ತಲಿ ತಿರಗಾಕತ್ತೇತೇನು?"

"ತಿರಗಿದ್ರ ನಿನ್ನ ಕೂಡಸ್ತಿದ್ದಿಲ್ಲ, ಎದ್ದು ಹೋಗ್ತಿದ್ದೆ. ಮೈಯಾಗ ಶಕ್ತಿ ಐತಿ, ಅದಕ್ಕ ಕರಿಯಾಕತ್ತೀನಿ. ಮೂವತ್ತು ಮಂದಿಗೆ ಎರದೆ, ಒಬ್ಬಾಕಿಗೂ ಕಲಿಸಲಿಲ್ಲ. ಕಾಲು ಚಾಚು."

ಚಾಚಿದೆ. ಒದ್ದೆ ಕೂಸನ್ನು ನನ್ನ ಕಾಲ ಮೇಲಿಟ್ಟರು. ನನ್ನ ಕೈ ನಡುಗಿತು. ಅತ್ತೆ ಅದರ ಮೇಲೆ ತಮ್ಮ ಕೈ ಇಟ್ಟರು. ಒಂದು ವರ್ಷ ತಣ್ಣಗೆ ಕೊರೆಯುತ್ತಿದ್ದ ಆ ಕೈ ಬೆಚ್ಚಗಿತ್ತು.

"ನಡಗಲಿ ಬಿಡು, ನಾ ಹಿಡದೀನಿ" ಎಂದರು. "ಹಾಕು ನೀರು."

ನನ್ನ ಕಣ್ಣು ತುಂಬಿ ಕೂಸು ಮಸುಕಾಯಿತು. ಮೊದಲ ತಂಬಿಗೆ ನೀರು ಹಾಕಿದೆ.