ಹೆಬ್ಬೆರಳ ಪಕ್ಕದ ತಗ್ಗು

“ಏನು, ಚಿಮಟ ಜಾರಿಬಿತ್ತಾ? ಅಪ್ಪನ ಕೈಯಿಂದ?”

“ಮೆಲ್ಲಗೆ ಕಣೇ! ಈ ವಾರ ನಾಲ್ಕನೇ ಸಲ. ನಿನಗೆ ಹೇಳ್ಬೇಡ ಅಂದಿದ್ರು,” ಎಂದು ಅಮ್ಮ ಪಿಸುಗುಟ್ಟಿದಳು.

ಅಪ್ಪ ವಾಚ್ ರಿಪೇರಿಯವರು. ಮೂವತ್ತು ವರ್ಷದಿಂದ ಮೊಣಕೈಗಳನ್ನು ಮೇಜಿನ ಅಂಚಿಗೆ ಊರಿ, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿದವರು. ನಾನು ಮೆಡಿಕಲ್ ಮೊದಲ ವರ್ಷ. ತೋಳಿನ ಸ್ನಾಯುಗಳನ್ನೂ ಅವುಗಳ ನರಗಳನ್ನೂ ಉರುಹೊಡೆದು, ಗೆಳತಿಯರ ಕೈಯನ್ನೆಲ್ಲ ಹಿಡಿದೆಳೆದು, ಹೋದ ವಾರವಷ್ಟೇ ಪರೀಕ್ಷೆ ಮುಗಿಸಿದ್ದೆ. ಆ ಜಂಭ ಇನ್ನೂ ಇತ್ತು.

ಮುಂದಿನ ಕೋಣೆಯೇ ಅಂಗಡಿ. ಹೋಗಿ ಅಪ್ಪನ ಬಲಗೈಯನ್ನು ದೀಪದಡಿಗೆ ಎಳೆದುಕೊಂಡೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರಬೇಕಾದ ಮಾಂಸ ಇಂಗಿ ತಗ್ಗು ಬಿದ್ದಿತ್ತು. ಜಂಭ ಜರ್ರನೆ ಇಳಿಯಿತು.

“ಈ ಚೀಟಿ ಎರಡು ಬೆರಳ ಮಧ್ಯೆ ಗಟ್ಟಿಯಾಗಿ ಹಿಡ್ಕೊಳ್ಳಿ. ಹೆಬ್ಬೆರಳು ನೆಟ್ಟಗಿರ್ಲಿ.”

“ಓಹೋ, ಡಾಕ್ಟ್ರಮ್ಮ ಬಂದ್ರು! ಕೈಗೊಂದು ಕಾಲಿಗೊಂದು ಅಂತ ಫೀಸಾ?”

ಚೀಟಿ ಎಳೆದೆ. ಹೆಬ್ಬೆರಳ ತುದಿ ಬಾಗಿತು. ಅಲ್ನಾರ್ ನರ ನಡೆಸುವ ಸ್ನಾಯು ಸೋತಾಗ, ಬೇರೆ ನರದ ಸ್ನಾಯುವೊಂದು ಸಹಾಯಕ್ಕೆ ಬಂದು ಹೀಗೇ ತುದಿ ಬಗ್ಗಿಸುತ್ತದೆ. ಮೊಣಕೈ ಎಲ್ಲಿಗಾದರೂ ತಗುಲಿದರೆ ಷಾಕ್ ಹೊಡೆದಂತಾಗುತ್ತದಲ್ಲ, ಅದೇ ನರ. ಅಲ್ಲಿ ಅದು ಒತ್ತಿಹೋಗಿದ್ದರೆ ಕಿರುಬೆರಳೂ ಮರಗಟ್ಟಬೇಕು.

“ಕಿರುಬೆರಳು ಜುಮ್ ಅನ್ನುತ್ತಾ ಅಪ್ಪಾ?”

“ಇಲ್ವಲ್ಲ ಮರಿ. ಚೆನ್ನಾಗೇ ಇದೆ.”

ಸ್ಪರ್ಶ ಸರಿಯಾಗಿದ್ದು ಮಾಂಸ ಮಾತ್ರ ಕರಗುವ ಒಂದು ಕಾಯಿಲೆಯ ಬಗ್ಗೆ ನಮಗೆ ಅಂಗರಚನೆ ಕಲಿಸುವ ಮೇಡಂ ಹೇಳಿದ್ದರು. ಬೆನ್ನುಹುರಿಯೊಳಗಿನ ಕೋಶಗಳೇ ಸಾಯುತ್ತವೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರು. ಗುಣವಾಗುವುದಿಲ್ಲ.

“ಕಣ್ಮುಚ್ಚಿ. ಪಿನ್ ತಾಗಿದಾಗೆಲ್ಲ ಹೂಂ ಅನ್ನಿ.”

ಕಿರುಬೆರಳಿಗೆ ತಾಗಿಸಿದೆ. “ಹೂಂ.” ಮತ್ತೆ. “ಹೂಂ.” ಒಂದೂ ತಪ್ಪಲಿಲ್ಲ. ಎಂಟನೆಯದಕ್ಕೆ ಆ ಕಾಯಿಲೆಯೇ ಕಣ್ಮುಂದೆ ಬಂದು, ಪಿನ್ ತಾಗಿಸದೆ ಹಾಗೇ ಹಿಡಿದು ನಿಂತುಬಿಟ್ಟೆ.

“ಹೂಂ,” ಎಂದರು ಅಪ್ಪ.

ನಾನು ಮುಟ್ಟಿಯೇ ಇರಲಿಲ್ಲ. ಪಿನ್ ಇನ್ನೂ ದೂರ ಸರಿಸಿ ಕಾದೆ.

“ಹೂಂ.”

“ಅಪ್ಪಾ! ಪಿನ್ ನನ್ನ ಕೈಲೇ ಇದೆ!”

ಅಪ್ಪ ಕಣ್ಣು ಬಿಟ್ಟು ಪೆಚ್ಚುಪೆಚ್ಚಾಗಿ ನಕ್ಕರು. “ಮರಗಟ್ಟಿದೆ ಕಣೇ. ಅಂದಾಜಿನ ಮೇಲೆ ಹೂಂ ಅಂತಿದ್ದೆ. ನೀನು ಓದೋದು ಬಿಟ್ಟು ಗಾಬರಿ ಬೀಳ್ತೀಯಾ ಅಂತ...”

“ನಿಮ್ಮ ಸುಳ್ಳಿನಿಂದ ನನ್ನ ಜೀವ ಹೋಗೋದ್ರಲ್ಲಿತ್ತು!” ಅಳುವೋ ನಗುವೋ, ಎರಡೂ ಒಟ್ಟಿಗೇ ಬಂತು. “ಎಷ್ಟು ದಿನದಿಂದ?”

“ದಿನ ಎಲ್ಲಿ ಬಂತು. ವರ್ಷದ ಮೇಲಾಯ್ತು.”

ನಗು ಅಲ್ಲಿಗೇ ನಿಂತಿತು. ನರ ಬಹಳ ಕಾಲ ಕೈಬಿಟ್ಟ ಸ್ನಾಯು ಮತ್ತೆ ಚಿಗುರುವುದು ಕಷ್ಟ. ಆ ತಗ್ಗು ತುಂಬದಿದ್ದರೆ ಅಪ್ಪ ಇನ್ನು ಚಿಮಟ ಹಿಡಿಯುವಂತಿಲ್ಲ.

ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, “ಎರಡೂ ಮೊಣಕೈ ಊರಿ ಕೂರೋರಲ್ವಾ, ಎಡಗೈ ನೋಡಿದ್ಯಾ?” ಎಂದರು.

ನೋಡಿರಲಿಲ್ಲ. ತಿರುಗಿದರೆ, ಅಪ್ಪ ಎಡಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸುತ್ತಿದ್ದರು. “ಅದನ್ನೂ ಬಚ್ಚಿಡ್ತಿದ್ದಾರೆ ಮೇಡಂ,” ಎಂದೆ.

“ಈಗ ಬೇಡ ಬಿಡು, ನೀನೇ ತೀರ್ಪು ಕೊಡ್ಬೇಡ,” ಎಂದರು ಮೇಡಂ. “ನರದ ಪರೀಕ್ಷೆ ಮಾಡ್ಸೋಣ. ನಾಳೆ ಒಂಬತ್ತೂವರೆಗೆ ಆಸ್ಪತ್ರೆಗೆ ಕರ್ಕೊಂಡು ಬಾ. ನಾನು ಬಾಗಿಲಲ್ಲೇ ಇರ್ತೀನಿ.”

ಫೋನಿಟ್ಟು ವಿಷಯ ಹೇಳಿದೆ. “ನಾಳೆ ಗಿರಾಕಿ ಬರ್ತಾರಲ್ಲೇ,” ಎಂದರು ಅಪ್ಪ.

“ಬಂದು ಹೋಗ್ತಾರೆ,” ಎಂದು, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಅಂಗಡಿಯ ಕೀಲಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. “ಒಂಬತ್ತಕ್ಕೇ ಹೊರಡೋಣ. ಮೂವರೂ.”